ಗುಡಿಬಂಡೆಯ ಮಾವಿನ ಗಿಡ, ಕೋಲ್ಡ್‌ಪ್ಲೇ ಕನ್ಸರ್ಟ್: ಹೊಗೆಯ ಲೆಕ್ಕ ಕೊಡೋರು ಯಾರು?

ಕೋಲ್ಡ್‌ಪ್ಲೇ ಅಂದ ತಕ್ಷಣ ನಮಗೆ ನೆನಪಾಗೋದು 2025ರ ಜನವರಿಯ ನವಿ ಮುಂಬೈ, ಅಹಮದಾಬಾದ್ ಶೋಗಳು ಮತ್ತು ಟಿಕೆಟ್‌ಗಾಗಿ ನಡೆದ ನೂಕುನುಗ್ಗಲು. ಆದರೆ ಈ ಬ್ರಿಟಿಷ್ ಬ್ಯಾಂಡಿಗೂ ಕರ್ನಾಟಕಕ್ಕೂ ಅದಕ್ಕಿಂತ ಹಳೆಯ ನಂಟಿದೆ. 2002ರಲ್ಲಿ ಬಂದ ತಮ್ಮ ಎರಡನೇ ಆಲ್ಬಂನಿಂದ ಆದ ಕಾರ್ಬನ್ ಹೊರಸೂಸುವಿಕೆಯನ್ನು ‘ಸರಿದೂಗಿಸಲು’ ಅವರು 10,000 ಮಾವಿನ ಸಸಿಗಳಿಗೆ ದುಡ್ಡು ಕೊಟ್ಟಿದ್ದರು. ಆ ಸಸಿಗಳು ಬಂದದ್ದು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಸೀಮೆಗೆ.

2006ರಲ್ಲಿ ಬ್ರಿಟನ್ನಿನ ‘ಸಂಡೇ ಟೆಲಿಗ್ರಾಫ್’ ಪತ್ರಿಕೆ ಅಲ್ಲಿಗೆ ಹೋಗಿ ನೋಡಿತು. ಹಂಚಿದ ಸಸಿಗಳಲ್ಲಿ ಶೇ. 40ರಷ್ಟು ಒಣಗಿ ಹೋಗಿದ್ದವು. ಸಸಿ ಸಿಕ್ಕಿತು, ಸಾಕೋಕೆ ಬೇಕಾದ ನೆರವು ಸಿಗಲಿಲ್ಲ ಅನ್ನೋದು ರೈತರ ದೂರು. ಕುಡಿಯೋ ನೀರಿಗೇ ಪರದಾಡುವ ಸೀಮೆಯಲ್ಲಿ ಮಾವಿನ ಬುಡಕ್ಕೆ ನೀರು ಎಲ್ಲಿಂದ ತರಬೇಕಿತ್ತು?

ಹೊಗೆ ಎಬ್ಬಿಸಿದ್ದು ಒಂದು ಕಡೆ, ಅದನ್ನು ಹೀರಿಕೊಳ್ಳುವ ಹೊಣೆ ಬಿದ್ದದ್ದು ಬರದ ಸೀಮೆಯ ಸಣ್ಣ ರೈತರ ಹೆಗಲಿಗೆ. ‘ಕಾರ್ಬನ್ ಆಫ್‌ಸೆಟ್’ ಅನ್ನೋ ವ್ಯವಸ್ಥೆಯ ಮೂಲ ತೊಂದರೆ ಇದೇ. ಸಸಿ ನೆಟ್ಟ ದಿನವೇ ಲೆಕ್ಕ ಚುಕ್ತಾ ಆಗುತ್ತೆ, ಆದರೆ ಅದು ಮರವಾಗಿ ಆ ಕಾರ್ಬನ್ ಹೀರೋಕೆ ದಶಕಗಳೇ ಬೇಕು.

ಹೊಗೆ ಬರೋದು ಎಲ್ಲಿಂದ?

ಒಂದು ದೊಡ್ಡ ಟೂರ್ ಅಂದ್ರೆ ವೇದಿಕೆ, ಲೈಟು, ಸ್ಪೀಕರ್ ಹೊತ್ತ ಲಾರಿ-ವಿಮಾನಗಳು, ಬ್ಯಾಂಡ್ ಮತ್ತು ಸಿಬ್ಬಂದಿಯ ಪ್ರಯಾಣ, ಮೈದಾನದಲ್ಲಿ ಗುಡುಗುವ ಡೀಸೆಲ್ ಜನರೇಟರ್‌ಗಳು. ಇವೆಲ್ಲ ಕಣ್ಣಿಗೆ ಕಾಣುತ್ತವೆ. ಆದರೆ ದೊಡ್ಡ ಪಾಲು ಇವುಗಳದ್ದಲ್ಲ, ಪ್ರೇಕ್ಷಕರ ಓಡಾಟದ್ದು. ಅಮೆರಿಕದ ಎಂಐಟಿ 2025ರಲ್ಲಿ ಹೊರತಂದ ವರದಿ ಪ್ರಕಾರ, ಲೈವ್ ಸಂಗೀತದ ಒಟ್ಟು ಹೊರಸೂಸುವಿಕೆಯಲ್ಲಿ ಪ್ರೇಕ್ಷಕರ ಪ್ರಯಾಣದ ಪಾಲು ಬ್ರಿಟನ್ನಿನಲ್ಲಿ ಶೇ. 77, ಅಮೆರಿಕದಲ್ಲಿ ಶೇ. 62. ಅಂದ್ರೆ ಪ್ಲಾಸ್ಟಿಕ್ ಸ್ಟ್ರಾ ನಿಷೇಧಿಸಿ ‘ಗ್ರೀನ್ ಕನ್ಸರ್ಟ್’ ಅಂತ ಬ್ಯಾನರ್ ಕಟ್ಟಿದರೆ ಮೂಲ ಸಮಸ್ಯೆ ಅಲುಗಾಡೋದೇ ಇಲ್ಲ.

ಕೋಲ್ಡ್‌ಪ್ಲೇ ಮಾಡಿದ್ದೇನು?

ಪರಿಸರಕ್ಕೆ ಹೊರೆಯಾಗದ ದಾರಿ ಸಿಗೋವರೆಗೆ ಟೂರ್ ಮಾಡಲ್ಲ ಅಂತ 2019ರಲ್ಲಿ ಬ್ಯಾಂಡ್ ಹೇಳಿತು. 2022ರಲ್ಲಿ ಮತ್ತೆ ಹೊರಟಾಗ ಪ್ರೇಕ್ಷಕರು ಕುಣಿದರೆ ವಿದ್ಯುತ್ ಉತ್ಪಾದಿಸುವ ನೆಲಹಾಸು, ತುಳಿಯೋಕೆ ಸೈಕಲ್, ಬಿಎಂಡಬ್ಲ್ಯೂ ಕಾರಿನ ಬ್ಯಾಟರಿಗಳಿಂದ ಮಾಡಿದ ಸಂಚಾರಿ ಬ್ಯಾಟರಿ ಎಲ್ಲ ಜೊತೆಗಿದ್ದವು. 2016-17ರ ಟೂರಿಗೆ ಹೋಲಿಸಿದರೆ ಪ್ರತಿ ಶೋಗೆ ಶೇ. 59ರಷ್ಟು ಹೊರಸೂಸುವಿಕೆ ಇಳಿದಿದೆ ಎಂದು 2024ರಲ್ಲಿ ಪ್ರಕಟಿಸಿದರು. ಆ ಅಂಕಿಗಳನ್ನು ಪರಿಶೀಲಿಸಿದ್ದು ಎಂಐಟಿಯ ತಜ್ಞರು.

ಇದು ಸಣ್ಣ ಸಾಧನೆಯಲ್ಲ. ಆದರೆ ಆ ಶೇ. 59 ಅನ್ನೋದು ವೇದಿಕೆ, ಸಾಗಣೆ, ತಂಡದ ಪ್ರಯಾಣದ ಲೆಕ್ಕ ಮಾತ್ರ. ಶೋ ನೋಡೋಕೆ ವಿಮಾನ ಹತ್ತಿ ಬಂದವರ ಹೊಗೆ ಅದರಲ್ಲಿಲ್ಲ. ಜೈವಿಕ ಇಂಧನಕ್ಕಾಗಿ ಫಿನ್ಲೆಂಡಿನ ನೆಸ್ಟೆ ಎಂಬ ತೈಲ ಕಂಪನಿಯ ಜೊತೆ ಕೈಜೋಡಿಸಿದ್ದಕ್ಕೂ 2022ರಲ್ಲಿ ಯುರೋಪಿನ ಪರಿಸರ ಸಂಘಟನೆಗಳು ತರಾಟೆಗೆ ತೆಗೆದುಕೊಂಡಿದ್ದವು.

ಬ್ರಿಸ್ಟಲ್ ತೋರಿಸಿದ ಇನ್ನೊಂದು ದಾರಿ

ಮ್ಯಾಸಿವ್ ಅಟ್ಯಾಕ್ ಅನ್ನೋ ಇನ್ನೊಂದು ಬ್ರಿಟಿಷ್ ತಂಡ ಬೇರೆ ಪ್ರಶ್ನೆ ಕೇಳಿತು. ಇವರ ಕೋರಿಕೆ ಮೇರೆಗೆ ಟಿಂಡಾಲ್ ಸೆಂಟರ್‌ನ ಹವಾಮಾನ ವಿಜ್ಞಾನಿಗಳು 2021ರಲ್ಲಿ ಒಂದು ಮಾರ್ಗಸೂಚಿ ಕೊಟ್ಟರು. ಅದರ ಸಾರ: ಟೂರ್ ಮುಗಿದ ಮೇಲೆ ಸಸಿ ನೆಡೋದಲ್ಲ, ಟೂರಿನ ರೂಪುರೇಷೆ ಹಾಕುವಾಗಲೇ ಹೊಗೆಯ ಲೆಕ್ಕ ಹಾಕಬೇಕು.

2024ರ ಆಗಸ್ಟ್ 25ರಂದು ಬ್ರಿಸ್ಟಲ್‌ನಲ್ಲಿ ಅವರು ಅದನ್ನು ಮಾಡಿ ತೋರಿಸಿದರು. ಇಡೀ ಶೋ ಬ್ಯಾಟರಿ ವಿದ್ಯುತ್ತಿನಲ್ಲಿ ನಡೆಯಿತು, ಊಟ ಪೂರ್ತಿ ಸಸ್ಯಾಹಾರಿ. ಮುಖ್ಯವಾದದ್ದು, ಸುತ್ತಮುತ್ತಲ ಊರಿನವರಿಗೆ ಮೊದಲು ಟಿಕೆಟ್ ಕೊಟ್ಟರು, ಕಾರ್ ಪಾರ್ಕಿಂಗ್ ಇಡಲಿಲ್ಲ, ಶೋ ಮುಗಿದ ಮೇಲೆ ಹೆಚ್ಚುವರಿ ರೈಲು ಮತ್ತು ಎಲೆಕ್ಟ್ರಿಕ್ ಬಸ್ ಏರ್ಪಾಡು ಮಾಡಿದರು. ಅಭಿಮಾನಿಗಳಿಗೆ ‘ಜವಾಬ್ದಾರಿಯಿಂದ ಬನ್ನಿ’ ಅಂತ ಉಪದೇಶ ಮಾಡೋ ಬದಲು, ಜವಾಬ್ದಾರಿಯಿಂದ ಬರೋಕೆ ವ್ಯವಸ್ಥೆ ಮಾಡಿಕೊಟ್ಟರು.

ಉದ್ಯಮದ ಒಳಗಿನ ಅಡ್ಡಿಗಳೂ ಇವೆ. ಶೋ ಒಪ್ಪಂದಗಳಲ್ಲಿ ‘ಇಷ್ಟು ದಿನ, ಇಷ್ಟು ದೂರದೊಳಗೆ ಬೇರೆಲ್ಲೂ ಹಾಡಕೂಡದು’ ಅನ್ನೋ ಷರತ್ತು ಇರೋದುಂಟು. ಇದರಿಂದ ಕಲಾವಿದರು ಪಕ್ಕದೂರು ಬಿಟ್ಟು ಎಲ್ಲೋ ದೂರಕ್ಕೆ ಹಾರಿ ಮತ್ತೆ ವಾಪಸ್ ಬರಬೇಕಾಗುತ್ತೆ. ಒಂದೂರಲ್ಲಿ ಡೇರೆ ಹಾಕಿ ತಿಂಗಳುಗಟ್ಟಲೆ ‘ಕ್ಯಾಂಪ್’ ಮಾಡಿ, ನಂತರ ಪಕ್ಕದೂರಿಗೆ ಹೋಗುತ್ತಿದ್ದ ನಮ್ಮ ನಾಟಕ ಕಂಪನಿಗಳ ಲೆಕ್ಕಾಚಾರವೇ ಇದಕ್ಕಿಂತ ವಾಸಿ.

ನಮ್ಮಲ್ಲಿ ಏನಾಗಬೇಕು?

2025ರ ಜನವರಿಯಲ್ಲಿ ಪ್ರಧಾನಿ ಮೋದಿ ಭುವನೇಶ್ವರದಲ್ಲಿ ಇದೇ ಕೋಲ್ಡ್‌ಪ್ಲೇ ಶೋಗಳನ್ನು ಉದಾಹರಿಸಿ, ‘ಕನ್ಸರ್ಟ್ ಆರ್ಥಿಕತೆ’ ಬೆಳೆಸಲು ರಾಜ್ಯಗಳಿಗೆ ಕರೆ ಕೊಟ್ಟರು. ಬೆಳೆಯಲಿ, ಯಾರೂ ಬೇಡ ಅನ್ನಲ್ಲ. ಆದರೆ ಮೂರು ತಿಂಗಳ ಹಿಂದಷ್ಟೇ ದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ದಿಲ್‌ಜಿತ್ ಶೋ ಮುಗಿದ ಮೇಲೆ ಕ್ರೀಡಾಪಟುಗಳಿಗೆ ಉಳಿದದ್ದು ಕಸದ ರಾಶಿ. ಆದಾಯ ಆಯೋಜಕರಿಗೆ, ಕಸ ಸಾರ್ವಜನಿಕರಿಗೆ ಅನ್ನೋ ಈ ಆರ್ಥಿಕತೆ ಯಾರದ್ದು?

ಮೈದಾನ, ಪೊಲೀಸ್ ಬಂದೋಬಸ್ತ್, ಅನುಮತಿ ಎಲ್ಲವೂ ಸರ್ಕಾರದ ಕೈಯಲ್ಲಿವೆ. ಹಾಗಾಗಿ ಷರತ್ತು ಹಾಕುವ ಅಧಿಕಾರವೂ ಅದಕ್ಕಿದೆ. ಟಿಕೆಟ್‌ನಲ್ಲೇ ಬಸ್-ಮೆಟ್ರೊ ಪ್ರಯಾಣ ಸೇರಿಸಿ, ಡೀಸೆಲ್ ಬದಲು ಗ್ರಿಡ್ ವಿದ್ಯುತ್ ಬಳಸಿ, ಕಸ ತೆಗೆಯೋಕೆ ಮುಂಚಿತವಾಗಿ ಠೇವಣಿ ಇಡಿ ಅಂತ ಹೇಳೋದು ಕಷ್ಟವೇನಲ್ಲ. ಐಪಿಎಲ್ ಪಂದ್ಯಗಳಿಗೆ ನಮ್ಮ ಮೆಟ್ರೊ ತಡರಾತ್ರಿವರೆಗೆ ಓಡುತ್ತೆ. ಕೋಲ್ಡ್‌ಪ್ಲೇ ಶೋಗೆ ಮುಂಬೈ-ಅಹಮದಾಬಾದ್ ನಡುವೆ ವಿಶೇಷ ರೈಲುಗಳು ಓಡಿದವು. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಹಾಡಿದ ಮಾದಾವರದಲ್ಲಿ ಈಗ ಮೆಟ್ರೊ ನಿಲ್ದಾಣವೂ ಇದೆ. ಮನಸ್ಸಿದ್ದರೆ ಆಗುತ್ತೆ ಅನ್ನೋದಕ್ಕೆ ಇಷ್ಟು ಸಾಕು.

ಮುಂದಿನ ಸಲ ಯಾವುದಾದರೂ ಶೋ ‘ಕಾರ್ಬನ್ ನ್ಯೂಟ್ರಲ್’ ಅಂತ ಹೇಳಿಕೊಂಡರೆ ಎರಡೇ ಪ್ರಶ್ನೆ ಕೇಳಿ: ಈ ಲೆಕ್ಕದಲ್ಲಿ ಪ್ರೇಕ್ಷಕರ ಪ್ರಯಾಣ ಸೇರಿದೆಯಾ? ಸಸಿ ನೆಟ್ಟಿದ್ದರೆ, ಅದಕ್ಕೆ ನೀರು ಹಾಕ್ತಿರೋರು ಯಾರು?