ಕೂಡಿ ಮಾಡುವ ಸಾಮು

ಮೈ ಬೆಳೆಸುವ ವಿದ್ಯೆಗೂ ಮಾತು ಬೆಳೆಸುವ ವಿದ್ಯೆಗೂ ಬಲು ದೂರವೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಅಂಗಸಾಧಕರೆಂಬುದನ್ನು ನೆನೆದರೆ ಆ ನಂಬಿಕೆ ಸಡಿಲುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆಯನ್ನಾರಂಭಿಸಿದ ತಿರುಮಲೈ ಕೃಷ್ಣಮಾಚಾರ್ಯರು ಮರುವರ್ಷವೇ ‘ಯೋಗಮಕರಂದ’ವನ್ನು ಕನ್ನಡದಲ್ಲಿ ಪ್ರಕಟಿಸಿದರು. ಇನ್ನೂ ಹಿಂದಕ್ಕೆ ಸರಿದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರಕ್ಕೂ ಅಭ್ಯಾಸಕ್ಕೂ ಮೀಸಲಾದ ಪ್ರಕರಣವೇ ಉಂಟು.

ಈ ವಿಚಾರವನ್ನು ಈಚೆಗೆ ನನ್ನ ತಲೆಗೆ ಹಚ್ಚಿದ್ದು ಒಂದು ಪ್ರಬಂಧ. ಬರೆದವಳು ನನ್ನ ತರಗತಿಯಲ್ಲಿ ಓದುವ, ಸೀತೂರಿನ ಕಡೆಯ ಹುಡುಗಿ. ಊರಿನಲ್ಲಿದ್ದಾಗ ದರೆ ಹತ್ತಿ, ಸೊಪ್ಪು ಹೊತ್ತು, ತೋಟಕ್ಕಿಳಿದು ಬೆಳೆದವಳು. ವಿದ್ಯಾರ್ಥಿನಿಲಯ ಸೇರಿದ ಎರಡು ವರ್ಷಗಳಲ್ಲಿ ಮೆಟ್ಟಿಲೇರಿದರೆ ಏದುಸಿರು, ಕುಳಿತರೆ ಬೆನ್ನುನೋವು. ಬೇಸಗೆಯ ರಜೆಯಲ್ಲಿ ಶಿವಮೊಗ್ಗೆಯ ಬಂಧುಗಳ ಮನೆಯಲ್ಲಿದ್ದು, ಸಾಮೂಹಿಕ ವ್ಯಾಯಾಮದ ಮೂರು ತರಗತಿಗಳಿಗೆ ಹತ್ತು ಹತ್ತು ದಿನ ಹೋಗಿ ಬಂದಳು. ನಾವು ಉತ್ತರಪತ್ರಿಕೆಗೆ ಅಂಕವಿಡುವಂತೆ ಆಕೆ ಅವುಗಳಿಗೆ ಅಂಕವಿಟ್ಟಿದ್ದಾಳೆ.

ಆಕೆ ಕೇಳಿಕೊಂಡ ಪ್ರಶ್ನೆಗಳು ನಾಲ್ಕು: ಕಲಿಸುವವರಿಗೆ ನನ್ನ ಹೆಸರು ಗೊತ್ತೇ? ತಪ್ಪಿದರೆ ತಿದ್ದುವರೇ? ಹಿಂದುಳಿದವರ ಗತಿಯೇನು? ಮಳೆಗಾಲದಲ್ಲಿ ಸೀತೂರಿನ ಜಗಲಿಯ ಮೇಲೆ ಇದನ್ನು ಮುಂದುವರಿಸಬಹುದೇ?

ಮೊದಲನೆಯದು ಜುಂಬಾ. ಕೊಲಂಬಿಯಾ ದೇಶದ ಆಲ್ಬರ್ಟೊ ಪೆರೆಸ್ ರೂಪಿಸಿದ ಈ ಕುಣಿತದ ವ್ಯಾಯಾಮ ಇಂದು ನಮ್ಮ ಜಿಲ್ಲಾಕೇಂದ್ರಗಳನ್ನೂ ತಲುಪಿದೆ. ಹಾಡಿನ ಅಬ್ಬರದಲ್ಲಿ ಹೊತ್ತು ಹೋದುದೇ ತಿಳಿಯಲಿಲ್ಲವಂತೆ. ಹೆಜ್ಜೆ ತಪ್ಪಿದರೆ ನಗುವವರಿಲ್ಲ, ತಿದ್ದುವವರೂ ಇಲ್ಲ. ಎರಡನೆಯದಾದ ಯೋಗದಲ್ಲಿ ಮೂರನೆಯ ದಿನವೇ ಗುರುಗಳು ಹೆಸರು ಹಿಡಿದು ಕರೆದು, ಹಿಮ್ಮಡಿಯನ್ನು ನೆಲಕ್ಕೂರಿಸಿದರು. ಆದರೆ ಎಲ್ಲರದೂ ಒಂದೇ ಎಣಿಕೆ. ಉಸಿರು ಸಾಲದವರು ನಡುವೆಯೇ ಕೈಬಿಡಬೇಕು. ಮೂರನೆಯದು ಹೆಂಗಸರಿಗೆಂದೇ ಇದ್ದ ಭಾರವೆತ್ತುವ ತರಗತಿ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ತೂಕ. ಹಿಂದುಳಿಯುವುದೆಂಬ ಮಾತೇ ಇಲ್ಲ. ಶುಲ್ಕ ಮಾತ್ರ ಮೂರರಲ್ಲಿ ಹೆಚ್ಚಿನದು. ದಾರಿಯಲ್ಲೊಂದು ಹಳೆಯ ಗರಡಿಮನೆಯಿತ್ತು. ಅದಕ್ಕೆ ಆಕೆ ಅಂಕ ಕೊಟ್ಟಿಲ್ಲ. “ಬಾಗಿಲಲ್ಲಿ ನಿಂತು ಕೆಮ್ಮಣ್ಣನ್ನು ನೋಡಿ ಬಂದೆ, ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ” ಎಂಬ ಒಂದೇ ವಾಕ್ಯವಿದೆ.

ಮಗಳ ಈ ಉದ್ಯೋಗ ತಂದೆಗೆ ಸೋಜಿಗ. “ದುಡ್ಡು ಕೊಟ್ಟು ಬೆವರುವುದೇಕೆ? ತೋಟದಲ್ಲಿ ಬಿಟ್ಟಿಯಾಗಿ ಬೆವರಬಹುದಲ್ಲ!” ಎಂದರಂತೆ. ಮಾತಿನಲ್ಲಿ ತಿರುಳಿಲ್ಲದಿಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪರಿಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ತೋಟದ ಆಳಿಗೆ ಅಷ್ಟು ಒಂದೇ ದಿನದಲ್ಲಿ ಒದಗೀತು. ಆದರೆ ಹುಡುಗಿಯ ಉತ್ತರವೂ ಗಟ್ಟಿಯಾದುದೇ: “ಅಮ್ಮ ದಿನವೆಲ್ಲ ಬಗ್ಗಿ ಅಡಕೆ ಹೆಕ್ಕುತ್ತಾಳೆ, ಸೊಂಟ ಹಿಂದಕ್ಕೆ ಬಾಗುವುದನ್ನೇ ಮರೆತಿದೆ. ದುಡಿಮೆ ಕೆಲಸಕ್ಕೆ ಬೇಕಾದಷ್ಟು ಮೈಯನ್ನು ಮಾತ್ರ ಬಳಸಿಕೊಳ್ಳುತ್ತದೆ, ಉಳಿದದ್ದನ್ನು ಕೇಳುವವರಿಲ್ಲ.” ದುಡಿಮೆಗೂ ಸಾಮಿಗೂ ಇರುವ ಭೇದವನ್ನು ಇಷ್ಟು ಅಡಕವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಆಕೆ ಅರಸಿದ್ದು ಬಹುಶಃ ಮೈಸೂರಿನಲ್ಲಿ ಒಮ್ಮೆ ರೂಢಿಗೆ ಬಂದ ಕ್ರಮವನ್ನೇ. ಕೃಷ್ಣಮಾಚಾರ್ಯರ ಶಿಷ್ಯ, ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸರು 1948ರಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಪದ್ಧತಿಯಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿದ್ದು, ಒಬ್ಬೊಬ್ಬರೂ ತಮ್ಮ ತಮ್ಮ ಉಸಿರಿನ ಅಳತೆಯಲ್ಲಿ ಸಾಗುತ್ತಾರೆ. ಗುರು ನಡುವೆ ಓಡಾಡುತ್ತ ತಿದ್ದುತ್ತಾನೆ. ಹೊರದೇಶದವರು ಇದನ್ನೇ ‘ಮೈಸೂರು ಶೈಲಿ’ ಎನ್ನುತ್ತಾರೆ. ಜೊತೆಯೂ ಉಂಟು, ಪ್ರತ್ಯೇಕತೆಯೂ ಉಂಟು. ನಾಲ್ವತ್ತು ಮಂದಿಗೆ ಒಂದೇ ಪಾಠ ಒಪ್ಪಿಸುವ ನಮ್ಮಂಥ ಉಪನ್ಯಾಸಕರು ಯೋಚಿಸಬೇಕಾದ ವಿಷಯವಿದು.

ಕೊನೆಗೆ ಹೆಚ್ಚು ಅಂಕ ದೊರೆತದ್ದು ಭಾರದ ತರಗತಿಗೆ, ಆಯ್ಕೆಯಾದುದು ಯೋಗ. ನಾಲ್ಕನೆಯ ಪ್ರಶ್ನೆಗೆ ತಲೆಬಾಗಿದ್ದು ಅದೊಂದೇ. ಆದರೆ ಜಗಲಿಯ ಮೇಲೆ ಒಬ್ಬಳೇ ಮಾಡಿದ ಅಭ್ಯಾಸ ಒಂಬತ್ತನೆಯ ದಿನಕ್ಕೆ ನಿಂತುಹೋಯಿತು. ಮತ್ತೆ ಆರಂಭವಾದುದು ಅಮ್ಮನೂ ನೆರೆಮನೆಯ ಇಬ್ಬರೂ ಸೆರಗು ಬಿಗಿದು ಪಕ್ಕದಲ್ಲಿ ನಿಂತ ಮೇಲೆ. ಮಳೆ ಸುರಿಯುತ್ತಿದ್ದರೂ ಈಗ ತಪ್ಪಿಸಿಕೊಳ್ಳುವಂತಿಲ್ಲ. ಒಬ್ಬರು ಬಾರದಿದ್ದರೆ ಇನ್ನೊಬ್ಬರು ಕೂಗಿ ಕರೆಯುತ್ತಾರೆ. ಅಮ್ಮನ ಕೈ ಇನ್ನೂ ಪಾದವನ್ನು ಮುಟ್ಟಿಲ್ಲವಂತೆ. ಮುಟ್ಟದಿದ್ದರೂ ಚಿಂತೆಯಿಲ್ಲ. ಮನೆಯ ಕೆಲಸವಲ್ಲದ ಕೆಲಸವೊಂದಕ್ಕೆ, ತನ್ನ ಮೈಯ ಸಲುವಾಗಿಯೇ, ಆ ತಾಯಿ ದಿನಕ್ಕೆ ಅರ್ಧ ಗಂಟೆಯನ್ನು ತೆಗೆದಿರಿಸಿದ್ದಾಳೆ. ಅದಕ್ಕೆ ಅಂಕವಿಡುವ ಅಂಕಣ ಮಾತ್ರ ಪ್ರಬಂಧದಲ್ಲಿಲ್ಲ.