ತಾರಸಿಗೆ ಸೊಪ್ಪೇ ಸರಿ

ನಗರದ ಮನೆಗಳಲ್ಲಿ ತರಕಾರಿ ಬೆಳೆಯುವ ಉತ್ಸಾಹ ಬಹುಪಾಲು ಟೊಮೆಟೊದಿಂದ ಶುರುವಾಗುತ್ತದೆ, ಮೂರು ತಿಂಗಳಲ್ಲಿ ಟೊಮೆಟೊದ ಜೊತೆಗೇ ಸೊರಗುತ್ತದೆ. ಎಲೆ ಮುರುಟಿತು, ಕಾಯಿಗೆ ಹುಳು ಬಿತ್ತು, ಕೊನೆಗೆ ಕೈಗೆ ಬಂದದ್ದು ಒಂದೆರಡು ದಿನದ ಸಾರಿಗಾಗುವಷ್ಟು ಹಣ್ಣು. ಕುಂಡಕ್ಕೂ ಗೊಬ್ಬರಕ್ಕೂ ಸುರಿದ ದುಡ್ಡು ಲೆಕ್ಕ ಹಾಕಿದವರು ‘ಇದೆಲ್ಲ ನಮ್ಮ ಕೈಲಾಗುವುದಲ್ಲ’ ಎಂದು ಬಿಟ್ಟುಬಿಡುತ್ತಾರೆ. ತಪ್ಪು ಅವರ ಕೈಗುಣದ್ದಲ್ಲ, ಬೆಳೆಯ ಆಯ್ಕೆಯದ್ದು. ಬೆಂಗಳೂರಿನಲ್ಲಿ ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ವರ್ಷಗಟ್ಟಲೆ ಜನರಿಗೆ ಕಲಿಸಿದ್ದರ ಫಲವಾಗಿ ತಾರಸಿ ತೋಟ ಇಂದು ಹೊಸ ಸಂಗತಿಯಾಗಿ ಉಳಿದಿಲ್ಲ. ಈಗ ಕೇಳಬೇಕಾದ ಪ್ರಶ್ನೆ ಬೆಳೆಯಬಹುದೇ ಎಂಬುದಲ್ಲ, ಇರುವಷ್ಟು ಜಾಗದಲ್ಲಿ ಏನನ್ನು ಬೆಳೆದರೆ ಅರ್ಥವಿದೆ ಎಂಬುದು. ನನ್ನ ಉತ್ತರ ಒಂದೇ: ಸೊಪ್ಪು.

ಮೊದಲು ಲೆಕ್ಕ ನೋಡೋಣ. ಒಬ್ಬರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ತರಕಾರಿಯ ಪಾಲು 300 ಗ್ರಾಂ ಎಂದಿಟ್ಟುಕೊಂಡರೂ ನಾಲ್ವರ ಮನೆಗೆ ಮೂರು ತಿಂಗಳಿಗೆ ನೂರು ಕೆಜಿಗಿಂತ ಹೆಚ್ಚು ಬೇಕು. ನಮ್ಮ ದೇಶದಲ್ಲಿ ತರಕಾರಿ ಬೆಳೆಯ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 18 ಟನ್. ಅದನ್ನು ನೂರು ಚದರಡಿಗೆ ಇಳಿಸಿದರೆ ಒಂದು ಬೆಳೆಗೆ ಸಿಗುವುದು 17 ಕೆಜಿ ಆಸುಪಾಸು. ಕಸುಬು ಬಲ್ಲ ರೈತ ಹೊಲದಲ್ಲಿ ತೆಗೆಯುವ ಇಳುವರಿ ಅದು. ಕುಂಡದಲ್ಲಿ ಹೊಸಬರಿಗೆ ಅಷ್ಟೂ ಕಷ್ಟ. ಹೀಗಾಗಿ ಮನೆಯ ತರಕಾರಿಯನ್ನೆಲ್ಲ ಮನೆಯಲ್ಲೇ ಬೆಳೆಯುತ್ತೇವೆ ಎಂಬ ಮಾತು ಸಣ್ಣ ಜಾಗದಲ್ಲಿ ನಿಲ್ಲುವುದಿಲ್ಲ. ಅದೇ ನೂರು ಚದರಡಿಗೆ ಸೊಪ್ಪು ಹಾಕಿ ನೋಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಎಂಬ ದಂಟಿನ ತಳಿ ಬಿತ್ತಿದ 25-30 ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ, ಮತ್ತೆ ಮತ್ತೆ ಚಿಗುರಿ 90 ದಿನಗಳಲ್ಲಿ ಹೆಕ್ಟೇರಿಗೆ 25ರಿಂದ 30 ಟನ್ ಕೊಡುತ್ತದೆ. ನೂರು ಚದರಡಿಯ ಲೆಕ್ಕಕ್ಕೆ ಇದು ದಿನಕ್ಕೆ ಕಾಲು ಕೆಜಿ ಅಥವಾ ತುಸು ಹೆಚ್ಚು. ಇದರ ಅರ್ಧ ಬಂದರೂ ವಾರದಲ್ಲಿ ಮೂರು ದಿನ ಮಸ್ಸೊಪ್ಪಿಗೋ ಪಲ್ಯಕ್ಕೋ ಕೊರತೆಯಿಲ್ಲ.

ಸೊಪ್ಪನ್ನೇ ಆರಿಸುವುದಕ್ಕೆ ಇಳುವರಿಗಿಂತ ದೊಡ್ಡ ಕಾರಣವೂ ಇದೆ. ಈರುಳ್ಳಿ, ಆಲೂಗಡ್ಡೆ, ಕುಂಬಳಕಾಯಿ ದೂರದಿಂದ ಬಂದರೂ ಕೆಡುವುದಿಲ್ಲ. ಸೊಪ್ಪು ಹಾಗಲ್ಲ. ಕೊಯ್ದ ಕ್ಷಣದಿಂದ ಅದರ ನೀರು ಆರತೊಡಗುತ್ತದೆ, ವಿಟಮಿನ್ ಸಿ ಬೇಗ ಬೇಗ ಕರಗುತ್ತದೆ. ಬಿಸಿಲಲ್ಲಿ ಗಾಡಿಯ ಮೇಲಿದ್ದ ಪಾಲಕ್ ಸಂಜೆ ಅಡುಗೆಮನೆಗೆ ಬರುವ ಹೊತ್ತಿಗೆ ಹಸಿರಿದ್ದರೂ ಸತ್ವ ಮೊದಲಿನಷ್ಟಿರುವುದಿಲ್ಲ. ಇನ್ನು ನೀರಿನ ಮಾತು. ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿಯ ನೀರಿನಲ್ಲಿ ಬೆಳೆದ ಸೊಪ್ಪು-ತರಕಾರಿಗಳಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳಿರುವುದನ್ನು ಅಧ್ಯಯನಗಳು ತೋರಿಸಿವೆ. ಇಂಥ ಲೋಹಗಳು ಕಾಯಿಗಿಂತ ಎಲೆಯಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತವೆ, ತೊಳೆದರೆ ಹೋಗುವುದಿಲ್ಲ. ಕೊಳ್ಳುವವರಿಗೆ ಕಟ್ಟು ನೋಡಿ ಯಾವ ನೀರಿನದೆಂದು ತಿಳಿಯದು. ಹೀಗೆ ದೂರ ಮತ್ತು ಅನುಮಾನ ಎರಡರಿಂದಲೂ ಹೆಚ್ಚು ನಷ್ಟವಾಗುವ ಆಹಾರವನ್ನೇ ಮನೆಯ ಹತ್ತಿರಕ್ಕೆ ತಂದುಕೊಳ್ಳುವುದು ವಿವೇಕ. ಹಾಗೆಂದು ಮನೆಯ ಸೊಪ್ಪು ತಾನಾಗಿಯೇ ಶುದ್ಧ ಎಂದೇನಲ್ಲ; ದೊಡ್ಡ ರಸ್ತೆಗೆ ಮುಖಮಾಡಿದ ಬಾಲ್ಕನಿಯ ಎಲೆಯ ಮೇಲೆ ಹೊಗೆ-ದೂಳು ಕೂರುತ್ತದೆ, ಚೆನ್ನಾಗಿ ತೊಳೆಯಲೇಬೇಕು.

ಬೆಳೆಯುವ ಕ್ರಮವೂ ಸರಳ. ಆರು ಇಂಚು ಆಳದ, ತಳದಲ್ಲಿ ತೂತಿರುವ ಟ್ರೇ ಸಾಕು. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಸಮಪಾಲು ಬೆರೆಸಿ ತುಂಬಬೇಕು. ದಂಟಿನ ಬೀಜ ರಾಗಿಗಿಂತ ಸಣ್ಣದು. ಹಾಗೇ ಎರಚಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಹಿಡಿ ಮರಳಿಗೆ ಚಿಟಿಕೆ ಬೀಜ ಬೆರೆಸಿ ಎರಚಿ, ಮೇಲೆ ಜರಡಿ ಹಿಡಿದ ಗೊಬ್ಬರವನ್ನು ತೆಳುವಾಗಿ ಉದುರಿಸಿದರೆ ಸಮನಾಗಿ ಹುಟ್ಟುತ್ತದೆ. ಕೊತ್ತಂಬರಿ ಬೀಜವನ್ನು ಮಾತ್ರ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಬೇಕು. ಕೊಯ್ಯುವಾಗ ಗಿಡವನ್ನು ಬುಡಸಮೇತ ಕೀಳದೆ ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿದರೆ ಗೆಣ್ಣುಗಳಿಂದ ಹೊಸ ಕವಲು ಒಡೆಯುತ್ತದೆ. ವಾರಕ್ಕೊಂದು ಟ್ರೇ ಬಿತ್ತುತ್ತ ಹೋದರೆ ಕೊಯ್ಲು ಸರದಿಯಲ್ಲಿ ಬರುತ್ತದೆ. ಹುಳುಹುಪ್ಪಟೆಯ ಕಾಟವೂ ಇಲ್ಲಿ ಕಡಿಮೆ, ಏಕೆಂದರೆ ಕಾಟ ಬಲಿಯುವ ಮೊದಲೇ ಸೊಪ್ಪು ಅಡುಗೆಮನೆ ಸೇರಿರುತ್ತದೆ. ಟೊಮೆಟೊ ಎರಡು ತಿಂಗಳಿಗೂ ಹೆಚ್ಚು ಕಾಲ ಬಿಳಿನೊಣಕ್ಕೂ ಅದು ಹರಡುವ ಮುರುಟು ರೋಗಕ್ಕೂ ಒಡ್ಡಿಕೊಂಡು ನಿಂತಿರಬೇಕು.

ಭಾರಕ್ಕೆ ತಾರಸಿ ಕೆಟ್ಟೀತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆಜಿ ಹೆಚ್ಚುವರಿ ಭಾರಕ್ಕೆ ವಿನ್ಯಾಸ ಮಾಡಬೇಕು ಎನ್ನುತ್ತದೆ ಭಾರತೀಯ ಮಾನಕ. ಒಂದಡಿ ಆಳದ ಒದ್ದೆ ಮಣ್ಣು ಅಷ್ಟೇ ಜಾಗದಲ್ಲಿ 500 ಕೆಜಿ ತೂಗುತ್ತದೆ. ಹಣ್ಣಿನ ಗಿಡ, ಬಳ್ಳಿಗಳಿಗೆ ದೊಡ್ಡ ಡ್ರಮ್ಮು ಸಾಲಾಗಿ ಇಡುವವರು ಈ ಮಿತಿಯನ್ನು ಮೀರುವುದು ಸುಲಭ. ಆರಿಂಚಿನ ಹಗುರ ಮಿಶ್ರಣವಾದರೆ ಭಾರ ಅದರ ಅರ್ಧಕ್ಕಿಂತ ಕಡಿಮೆ. ಟ್ರೇಗಳ ನಡುವೆ ಓಡಾಡಲು ಜಾಗ ಬಿಟ್ಟರೆ ಸರಾಸರಿ ಇನ್ನೂ ಇಳಿಯುತ್ತದೆ. ಟ್ರೇಗಳನ್ನು ಸ್ಟ್ಯಾಂಡಿನ ಮೇಲಿಟ್ಟರೆ ತಾರಸಿ ಒಣಗಿರುತ್ತದೆ, ಸೋರಿಕೆಯ ಭಯವಿಲ್ಲ. ಕಟ್ಟಡ ಹಳೆಯದಾಗಿದ್ದರೆ ಎಂಜಿನಿಯರಿಗೆ ತೋರಿಸಿಯೇ ಮುಂದುವರಿಯಬೇಕು.

ನೀರಿನ ಆಕ್ಷೇಪ ಇನ್ನೂ ಗಂಭೀರ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು, ಅದು ನ್ಯಾಯವೇ. ಕಡುಬೇಸಿಗೆಯಲ್ಲಿ ನೂರು ಚದರಡಿ ಸೊಪ್ಪಿಗೆ ದಿನಕ್ಕೆ 40-50 ಲೀಟರ್ ಬೇಕಾದೀತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಅದರ ಒಂದು ಪಾಲನ್ನು ಮಾತ್ರ ತುಂಬುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು, ಬರೀ ಅದನ್ನೇ ಹಾಕಿದರೆ ಮಣ್ಣು ಕೆಡುತ್ತದೆ. ಮಳೆನೀರು ಹಿಡಿದಿಟ್ಟವರಿಗೆ ಅನುಕೂಲ: ಸಾವಿರ ಚದರಡಿ ತಾರಸಿಯ ಮೇಲೆ ಒಂದೇ ಮಿಲಿಮೀಟರ್ ಮಳೆ ಬಿದ್ದರೂ 90 ಲೀಟರ್ ನೀರು. ಇದ್ಯಾವುದೂ ಇಲ್ಲದವರು ಬೇಸಿಗೆಯಲ್ಲಿ ಬಿತ್ತನೆಯನ್ನು ಅರ್ಧಕ್ಕಿಳಿಸಲಿ, ನಿಲ್ಲಿಸಿದರೂ ಸರಿ. ಮಳೆ ಬಂದ ತಿಂಗಳಿಗೇ ಸೊಪ್ಪು ಮತ್ತೆ ಕೈಗೆ ಬರುತ್ತದೆ. ವರ್ಷಗಟ್ಟಲೆ ಬೆಳೆಸಿದ ಗಿಡಮರಗಳ ವಿಷಯದಲ್ಲಿ ಹೀಗೆ ನಿಲ್ಲಿಸಿ ಮತ್ತೆ ಶುರುಮಾಡಲಾಗದು.

ಮನೆಮನೆಯಲ್ಲೂ ಬೆಳೆದರೆ ರೈತನ ಗತಿಯೇನು ಎಂದು ಕೇಳುವವರಿದ್ದಾರೆ. ಮೇಲಿನ ಲೆಕ್ಕವೇ ಉತ್ತರ ಹೇಳುತ್ತದೆ: ಟೊಮೆಟೊ, ಬೀನ್ಸ್, ಕ್ಯಾರೆಟ್ಟಿಗೆ ನಗರ ಎಂದಿಗೂ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳನ್ನೇ ನಂಬಿರಬೇಕು. ಬಿಸಿಲೇ ಬೀಳದ ಬಾಡಿಗೆ ಮನೆಯವರ ಆಕ್ಷೇಪ ಮಾತ್ರ ನಿಜಕ್ಕೂ ಬಾಧಿಸುವಂಥದ್ದು. ದಂಟು, ಮೆಂತ್ಯಕ್ಕೆ ನಾಲ್ಕು ಗಂಟೆಯಾದರೂ ಬಿಸಿಲು ಬೇಕು. ಅರೆನೆರಳಲ್ಲಿ ಪುದೀನ, ದೊಡ್ಡಪತ್ರೆ, ಒಂದೆಲಗ ಬಂದಾವು, ಅಷ್ಟೇ. ಅವರ ಕೊರತೆ ನೀಗಲು ಮನೆ ಮಾಲೀಕರು ಮತ್ತು ಅಪಾರ್ಟ್‌ಮೆಂಟ್ ಸಂಘಗಳು ತಾರಸಿಯ ಬೀಗ ತೆಗೆಯಬೇಕು. ತೂಕ, ಸೋರಿಕೆಗಳಿಗೆ ಲಿಖಿತ ನಿಯಮ ಮಾಡಿ ಮನೆಗೊಂದಿಷ್ಟು ಟ್ರೇ ಇಡಲು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಹಸಿ ಕಸವನ್ನು ಬೇರ್ಪಡಿಸುವ ಕೆಲಸ ಬೆಂಗಳೂರಿನ ಮನೆಗಳಿಗೆ ಹೇಗೂ ಕಡ್ಡಾಯ. ಅದನ್ನೇ ಒಣ ಎಲೆಯೊಡನೆ ಕೊಳೆಸಿದರೆ ಗೊಬ್ಬರದ ಖರ್ಚು ಉಳಿಯುತ್ತದೆ, ಕಸದ ಲಾರಿಯ ಹೊರೆಯೂ ಇಳಿಯುತ್ತದೆ. ಸಣ್ಣ ಜಾಗದಿಂದ ಇಡೀ ಸಂತೆಯನ್ನು ಬೇಡುವುದು ಬಿಟ್ಟು ಅದು ಕೊಡಬಲ್ಲದ್ದನ್ನು ಕೇಳಿದರೆ, ನಗರದ ಮನೆ ವರ್ಷದ ಬಹುಪಾಲು ತನ್ನ ಸೊಪ್ಪಿಗೆ ತಾನೇ ಒಡೆಯನಾಗಬಹುದು.