ಸಂಗೀತೋತ್ಸವಗಳಲ್ಲಿ ಮಾದಕ ಮಾತ್ರೆ: ಯುವಜನರ ಸಾವಿಗೆ ಭಯವೂ ಕಾರಣ

2019ರ ಜನವರಿ. ಆಸ್ಟ್ರೇಲಿಯಾದಲ್ಲಿ ಅದು ಕಡುಬೇಸಿಗೆ. ಸಿಡ್ನಿಯ ಸಂಗೀತೋತ್ಸವವೊಂದಕ್ಕೆ ಗೆಳತಿಯರೊಡನೆ ಹೊರಟಿದ್ದ ಯುವತಿಯೊಬ್ಬಳು ದ್ವಾರದಲ್ಲಿ ಪೊಲೀಸರ ಕೈಗೆ ಸಿಕ್ಕಿಬೀಳಬಹುದೆಂಬ ಭಯದಿಂದ, ತಾನು ತಂದಿದ್ದ ಮಾದಕ ಮಾತ್ರೆಗಳನ್ನು ಮೈದಾನ ತಲುಪುವ ಮೊದಲೇ ನುಂಗಿದಳು. ಅದೇ ದಿನ ಆಸ್ಪತ್ರೆಯಲ್ಲಿ ಆಕೆ ಕೊನೆಯುಸಿರೆಳೆದಳು.

ನ್ಯೂ ಸೌತ್ ವೇಲ್ಸ್ ರಾಜ್ಯದ ಸಂಗೀತೋತ್ಸವಗಳಲ್ಲಿ 2017ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ಹೀಗೆ ಪ್ರಾಣ ಕಳೆದುಕೊಂಡವರು ಆರು ಮಂದಿ. ಎಲ್ಲರೂ 18ರಿಂದ 23 ವರ್ಷದೊಳಗಿನವರು. ಆರೂ ಸಾವುಗಳಿಗೆ ಎಂಡಿಎಂಎ ಎಂಬ ಮಾದಕವಸ್ತು ಅಥವಾ ಅದರಿಂದುಂಟಾದ ತೊಡಕುಗಳೇ ಕಾರಣವಾಗಿದ್ದವು. ಅಸಹಜ ಸಾವುಗಳ ವಿಚಾರಣೆ ನಡೆಸುವ ಅಲ್ಲಿನ ಅಧಿಕಾರಿಯನ್ನು ಕೊರೊನರ್ ಎನ್ನುತ್ತಾರೆ. ರಾಜ್ಯದ ಉಪ ಕೊರೊನರ್ ಆಗಿದ್ದ ಹ್ಯಾರಿಯೆಟ್ ಗ್ರಹಾಂ ಅವರು ಆರೂ ಪ್ರಕರಣಗಳ ವಿಚಾರಣೆಯನ್ನು ಒಟ್ಟಾಗಿ ನಡೆಸಿ, 2019ರ ನವೆಂಬರ್ 8ರಂದು ತಮ್ಮ ನಿರ್ಣಯವನ್ನು ಪ್ರಕಟಿಸಿದರು.

ಪೊಲೀಸ್ ಬಿಗಿ ಬಂದೋಬಸ್ತ್ ಸಾಲದು ಎಂದು ಅವರು ಹೇಳಲಿಲ್ಲ. ಬದಲಿಗೆ, ಉತ್ಸವಗಳ ದ್ವಾರದಿಂದ ಪೊಲೀಸ್ ನಾಯಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು, ಬಟ್ಟೆ ಬಿಚ್ಚಿಸಿ ಶೋಧಿಸುವ ಕ್ರಮಕ್ಕೆ ಕಡಿವಾಣ ಹಾಕಬೇಕು, ತಂದ ಮಾತ್ರೆಯನ್ನು ಯಾರ ಪ್ರಶ್ನೆಗೂ ಗುರಿಯಾಗದೆ ಹಾಕಿಬಿಡಬಹುದಾದ ಡಬ್ಬಿಗಳನ್ನು ಇಡಬೇಕು ಹಾಗೂ ಮಾತ್ರೆಯೊಳಗೆ ಏನಿದೆ ಎಂಬುದನ್ನು ಪರೀಕ್ಷಿಸಿ ಹೇಳುವ ವ್ಯವಸ್ಥೆಯಾಗಬೇಕು ಎಂದು ಶಿಫಾರಸು ಮಾಡಿದರು. ಮಾದಕವಸ್ತು ನಿಷೇಧದ ಪರವಾಗಿರುವವರಿಗೆ ಇದು ವಿಚಿತ್ರವೆನಿಸಬಹುದು. ಈ ಶಿಫಾರಸುಗಳ ಹಿಂದಿನ ತರ್ಕ ಅರ್ಥವಾಗಬೇಕಾದರೆ, ಮಾತ್ರೆ ನುಂಗಿದ ಗಳಿಗೆಯಿಂದ ಸಾವಿನ ಗಳಿಗೆಯವರೆಗೆ ನಡೆಯುವುದೇನು ಎಂಬುದನ್ನು ತಿಳಿಯಬೇಕಾಗುತ್ತದೆ.

ದೇಹದೊಳಗೆ ನಡೆಯುವುದೇನು?

ಎಂಡಿಎಂಎ ಹೊಸ ವಸ್ತುವೇನಲ್ಲ. ಜರ್ಮನಿಯ ಮೆರ್ಕ್ ಕಂಪನಿ 1912ರಲ್ಲಿಯೇ ಇದರ ತಯಾರಿಕೆಗೆ ಪೇಟೆಂಟ್ ಅರ್ಜಿ ಸಲ್ಲಿಸಿತ್ತು. 1980ರ ದಶಕದ ನಂತರ ನೃತ್ಯಕೂಟಗಳ ಮೂಲಕ ಜಗತ್ತಿನೆಲ್ಲೆಡೆ ಹರಡಿದ ಈ ವಸ್ತುವನ್ನು ಯುವಜನರು ಎಕ್ಸ್‌ಟಸಿ, ಮಾಲಿ ಮುಂತಾದ ಹೆಸರುಗಳಿಂದ ಕರೆಯುತ್ತಾರೆ. ಇದು ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಅಪಾರ ಪ್ರಮಾಣದಲ್ಲಿ ಬಿಡುಗಡೆ ಮಾಡಿಸುತ್ತದೆ. ಉಲ್ಲಾಸ, ಎಲ್ಲರ ಮೇಲೂ ಉಕ್ಕುವ ಅಕ್ಕರೆ, ದಣಿವನ್ನೇ ಅರಿಯದ ಕುಣಿತ ಇವೆಲ್ಲ ಅದರ ಫಲ. ಆದರೆ ಅದೇ ಹೊತ್ತಿನಲ್ಲಿ ಹೃದಯ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ದೇಹ ತನ್ನ ತಾಪವನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುವ ಶಕ್ತಿ ಕುಂದುತ್ತದೆ.

ಇಲ್ಲಿಯೇ ಅಪಾಯ ಅಡಗಿದೆ. ಬಿಸಿಲು, ಜನದಟ್ಟಣೆ ಹಾಗೂ ಗಂಟೆಗಟ್ಟಲೆ ಕುಣಿತಗಳು ಮಾತ್ರೆಯ ಜತೆ ಸೇರಿದಾಗ ದೇಹದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಹಾಗಾದಾಗ ಸ್ನಾಯುಗಳು ಕರಗತೊಡಗುತ್ತವೆ, ಮೂತ್ರಪಿಂಡ ಹಾಗೂ ಯಕೃತ್ತು ಸೋಲುತ್ತವೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಅಸ್ತವ್ಯಸ್ತಗೊಳ್ಳುತ್ತದೆ. ದಣಿವು ದೇಹ ನೀಡುವ ಎಚ್ಚರಿಕೆ. ಮಾತ್ರೆ ಆ ಎಚ್ಚರಿಕೆಯ ಬಾಯಿಯನ್ನೇ ಮುಚ್ಚಿಸುತ್ತದೆ.

ಎರಡನೆಯ ಅಪಾಯ ನೀರಿನದು. ‘ಬಿಸಿಯಾದರೆ ಚೆನ್ನಾಗಿ ನೀರು ಕುಡಿಯಿರಿ’ ಎಂಬ ಅರ್ಧ ಸಲಹೆ ಪ್ರಾಣಕ್ಕೇ ಎರವಾದ ಉದಾಹರಣೆಯಿದೆ. ಎಂಡಿಎಂಎ ಪ್ರಭಾವದಲ್ಲಿ ದೇಹ ಮೂತ್ರವನ್ನು ತಡೆಹಿಡಿಯುತ್ತದೆ. ಆಗ ಮಿತಿಮೀರಿ ಕುಡಿದ ನೀರು ರಕ್ತದಲ್ಲಿನ ಉಪ್ಪಿನಂಶವನ್ನು ತೆಳುವಾಗಿಸಿ ಮೆದುಳು ಊದಿಕೊಳ್ಳುವಂತೆ ಮಾಡುತ್ತದೆ. 1995ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ತನ್ನ 18ನೇ ಹುಟ್ಟುಹಬ್ಬದ ಕೂಟದಲ್ಲಿ ಮಾತ್ರೆ ನುಂಗಿ, ನಂತರ ಒಂದೂವರೆ ಗಂಟೆಯೊಳಗೆ ಸುಮಾರು ಏಳು ಲೀಟರ್ ನೀರು ಕುಡಿದ ಯುವತಿ ಮೃತಪಟ್ಟಿದ್ದು ಹೀಗೆ.

ಮೂರನೆಯದು, ಮಾತ್ರೆಯ ಒಳಗಿನ ಗುಟ್ಟು. ಒಂದೇ ಬಣ್ಣ, ಒಂದೇ ಮುದ್ರೆಯ ಎರಡು ಮಾತ್ರೆಗಳಲ್ಲಿ ಒಂದರಲ್ಲಿರುವ ಎಂಡಿಎಂಎ ಇನ್ನೊಂದರದಕ್ಕಿಂತ ಹಲವು ಪಟ್ಟು ಹೆಚ್ಚಿರಬಹುದು. ಕೆಲವೊಮ್ಮೆ ಅದರಲ್ಲಿ ಎಂಡಿಎಂಎ ಇರುವುದೇ ಇಲ್ಲ. ಪಿಎಂಎ ಎಂಬ ಹೆಚ್ಚು ವಿಷಕಾರಿಯಾದ ವಸ್ತುವಿನ ಪರಿಣಾಮ ನಿಧಾನವಾಗಿ ಆರಂಭವಾಗುತ್ತದೆ. ‘ಇನ್ನೂ ಏರಲಿಲ್ಲವಲ್ಲ’ ಎಂದುಕೊಂಡವರು ಎರಡನೆಯ ಮಾತ್ರೆ ನುಂಗುತ್ತಾರೆ. ಬಳಿಕ ಎರಡೂ ಒಟ್ಟಿಗೆ ಏರುತ್ತವೆ.

ಗೆಳೆಯರ ಕೈಯಲ್ಲಿರುವ ಸಮಯ

ಇಷ್ಟಾದರೂ ಬಹುತೇಕ ಪ್ರಕರಣಗಳಲ್ಲಿ ಸಾವು ಥಟ್ಟನೆ ಬರುವುದಿಲ್ಲ. ಮಾತ್ರೆಗೂ ಸಾವಿಗೂ ನಡುವೆ ಸಮಯವಿರುತ್ತದೆ. ಸುಡುವ ಮೈ, ಗೊಂದಲದ ಮಾತು, ಕಾರಣವಿಲ್ಲದ ಚಡಪಡಿಕೆ, ಬಿಗಿದ ದವಡೆ, ವಾಂತಿ, ತಲೆನೋವು, ನಡುಕ, ಸೆಳೆತ ಇವೆಲ್ಲ ಆ ಅವಧಿಯಲ್ಲಿ ಕಾಣಿಸಿಕೊಳ್ಳುವ ಲಕ್ಷಣಗಳು. ಅವನ್ನು ಮೊದಲು ನೋಡುವವರು ವೈದ್ಯರಲ್ಲ, ಪೊಲೀಸರೂ ಅಲ್ಲ, ಪಕ್ಕದಲ್ಲಿರುವ ಗೆಳೆಯರು.

ಆದರೆ ಗೆಳೆಯರು ಆಗ ನೆರವಿಗೆ ಕೂಗುವ ಬದಲು ಲೆಕ್ಕ ಹಾಕತೊಡಗುತ್ತಾರೆ. ಪೊಲೀಸರು ಬಂದರೆ? ಮನೆಯವರಿಗೆ ತಿಳಿದರೆ? ಕಾಲೇಜಿನಿಂದ ಹೊರಹಾಕಿದರೆ? ಕೆಲಸ ಹೋದರೆ? ‘ಸ್ವಲ್ಪ ಹೊತ್ತು ಮಲಗಲಿ, ಸರಿಹೋಗುತ್ತದೆ’ ಎಂದು ಮೂಲೆಯಲ್ಲೋ ಕಾರಿನಲ್ಲೋ ಮಲಗಿಸುತ್ತಾರೆ. ತಾಪ ಏರುತ್ತಿರುವ ದೇಹಕ್ಕೆ ಕಳೆದ ಪ್ರತಿ ನಿಮಿಷವೂ ದುಬಾರಿ. ದ್ವಾರದಲ್ಲಿ ಮಾತ್ರೆಗಳನ್ನು ಬೇಗನೆ ನುಂಗಿಸುವ ಭಯವೇ ಒಳಗೆ ಚಿಕಿತ್ಸೆಯನ್ನೂ ತಡವಾಗಿಸುತ್ತದೆ. ಬಂದೋಬಸ್ತ್ ಕುರಿತ ಕೊರೊನರ್ ಶಿಫಾರಸುಗಳು ಅರ್ಥವಾಗುವುದು ಇಲ್ಲಿಯೇ.

ಇಂತಹ ಸ್ಥಿತಿಯಲ್ಲಿ ಮಾಡಬೇಕಾದುದು ಸರಳ. ಕೂಡಲೇ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಬೇಕು. ಏನನ್ನು, ಎಷ್ಟು, ಯಾವಾಗ ಸೇವಿಸಲಾಯಿತು ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ನೆರಳಿಗೆ ಒಯ್ದು, ಬಿಗಿಯಾದ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದಲೋ ಗಾಳಿ ಬೀಸಿಯೋ ಮೈ ತಣಿಸಬೇಕು. ಪ್ರಜ್ಞೆ ತಪ್ಪಿದ್ದರೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ನೀರು ಸುರಿಯಬಾರದು, ಒಂಟಿಯಾಗಿ ಬಿಟ್ಟುಹೋಗಬಾರದು.

ಡೇರೆಯೊಳಗಿನ ಪ್ರಯೋಗಾಲಯ

ಮಾತ್ರೆ ಪರೀಕ್ಷೆಯ ವಿಧಾನ ಹೀಗಿದೆ. ಉತ್ಸವದ ಆವರಣದಲ್ಲಿ ಹಾಕಿದ ಡೇರೆಗೆ ಬಂದವರಿಂದ ಮಾತ್ರೆಯ ಚೂರನ್ನು ಪಡೆದು, ಅತಿಗೆಂಪು ಕಿರಣಗಳ ನೆರವಿನಿಂದ ಅದರೊಳಗಿನ ರಾಸಾಯನಿಕವನ್ನು ಗುರುತಿಸಲಾಗುತ್ತದೆ. ಫಲಿತಾಂಶ ಬಂದ ನಂತರ ಆರೋಗ್ಯ ಕಾರ್ಯಕರ್ತರೊಬ್ಬರು ಅವರೊಡನೆ ಮಾತನಾಡುತ್ತಾರೆ. ‘ಇದು ಸುರಕ್ಷಿತ’ ಎಂದು ಯಾರಿಗೂ ಹೇಳುವುದಿಲ್ಲ. ಮಾದಕವಸ್ತು ಸೇವಿಸದಿರುವುದೇ ಸುರಕ್ಷಿತ ಎಂಬುದು ಅವರ ಮೊದಲ ಮಾತು. ಬೇಡವೆನಿಸಿದರೆ ಮಾತ್ರೆಯನ್ನು ಅಲ್ಲಿಯೇ ಡಬ್ಬಿಗೆ ಹಾಕಿ ಹೋಗಬಹುದು.

ನೆದರ್ಲೆಂಡ್ಸ್‌ನಲ್ಲಿ ಮಾದಕವಸ್ತುಗಳ ಮಾದರಿ ಪರೀಕ್ಷಿಸುವ ಸರ್ಕಾರಿ ನೆರವಿನ ಜಾಲ 1992ರಿಂದಲೇ ಇದೆ. ಬ್ರಿಟನ್ನಿನಲ್ಲಿ ‘ದಿ ಲೂಪ್’ ಎಂಬ ಸ್ವಯಂಸೇವಾ ಸಂಸ್ಥೆ 2016ರಲ್ಲಿ ಕೇಂಬ್ರಿಜ್‌ಶೈರ್‌ನ ‘ಸೀಕ್ರೆಟ್ ಗಾರ್ಡನ್ ಪಾರ್ಟಿ’ ಉತ್ಸವದಲ್ಲಿ ಮೊದಲ ಬಾರಿಗೆ ಸಾರ್ವಜನಿಕರಿಗೆ ಈ ಸೇವೆ ಒದಗಿಸಿದಾಗ, ಸುಮಾರು ಐದರಲ್ಲಿ ಒಂದು ಮಾದರಿ ಮಾರಾಟಗಾರ ಹೇಳಿದ ವಸ್ತುವೇ ಆಗಿರಲಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2018 ಮತ್ತು 2019ರಲ್ಲಿ ‘ಗ್ರೂವಿನ್ ದ ಮೂ’ ಉತ್ಸವದಲ್ಲಿ ಪ್ರಯೋಗ ನಡೆಯಿತು. ಎರಡನೆಯ ವರ್ಷ ಏಳು ಮಾದರಿಗಳಲ್ಲಿ ಎನ್-ಇಥೈಲ್‌ಪೆಂಟಿಲೋನ್ ಎಂಬ ಅಪಾಯಕಾರಿ ವಸ್ತು ಪತ್ತೆಯಾಯಿತು. ಆ ಏಳನ್ನೂ ತಂದವರೇ ಡಬ್ಬಿಗೆ ಹಾಕಿ ಹೋದರು ಎಂಬುದು ಗಮನಾರ್ಹ. 2022ರ ಜುಲೈನಲ್ಲಿ ಅದೇ ನಗರದಲ್ಲಿ ಪರೀಕ್ಷಾ ಕೇಂದ್ರವೊಂದು ಬಾಗಿಲು ತೆರೆಯಿತು. ನ್ಯೂಜಿಲೆಂಡ್ 2021ರಲ್ಲಿ ಕಾಯಂ ಕಾನೂನನ್ನೇ ರೂಪಿಸಿ ಈ ಪರೀಕ್ಷೆಗೆ ಮಾನ್ಯತೆ ನೀಡಿತು.

ಆರು ಸಾವು ಕಂಡ ನ್ಯೂ ಸೌತ್ ವೇಲ್ಸ್ ಮಾತ್ರ ಕೊರೊನರ್ ಮಾತಿಗೆ ಆಗ ಮಣಿಯಲಿಲ್ಲ. ಪರೀಕ್ಷೆಗೆ ಅನುಮತಿ ನೀಡಿದರೆ ಯುವಜನರಿಗೆ ತಪ್ಪು ಸಂದೇಶ ಹೋಗುತ್ತದೆ ಎಂಬುದು ಸರ್ಕಾರದ ನಿಲುವಾಗಿತ್ತು. ಐದು ವರ್ಷಗಳ ನಂತರ, 2024ರ ಡಿಸೆಂಬರ್‌ನಲ್ಲಿ, ಬೇರೊಂದು ಪಕ್ಷದ ಸರ್ಕಾರ ಪ್ರಾಯೋಗಿಕ ಪರೀಕ್ಷೆಯನ್ನು ಘೋಷಿಸಿತು. 2025ರ ಮಾರ್ಚ್‌ನಲ್ಲಿ ವೊಲೊಂಗಾಂಗ್ ನಗರದ ಉತ್ಸವದಲ್ಲಿ ಅದು ಆರಂಭಗೊಂಡಿತು.

ವಿರೋಧಿಗಳ ವಾದ

ಪರೀಕ್ಷೆಯನ್ನು ವಿರೋಧಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ನ್ಯೂ ಸೌತ್ ವೇಲ್ಸ್‌ನ ಆರು ಮಂದಿಯನ್ನು ಬಲಿ ಪಡೆದದ್ದು ಎಂಡಿಎಂಎಯೇ ಹೊರತು ಅದಕ್ಕೆ ಬೆರೆಸಿದ ಬೇರೊಂದು ವಿಷವಲ್ಲ. ಹಾಗಿರುವಾಗ ‘ಇದು ಶುದ್ಧ ಎಂಡಿಎಂಎ’ ಎಂಬ ಫಲಿತಾಂಶ ಕೈಗಿಟ್ಟರೆ ಅದು ಹುಸಿ ಧೈರ್ಯ ನೀಡುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಅತ್ಯಲ್ಪ ಪ್ರಮಾಣದಲ್ಲಿಯೇ ಕೊಲ್ಲಬಲ್ಲ ಕೆಲವು ವಸ್ತುಗಳು ಡೇರೆಯಲ್ಲಿನ ಉಪಕರಣದ ಕಣ್ಣು ತಪ್ಪಿಸಬಹುದು ಎಂಬುದೂ ನಿಜ. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 2024ರಲ್ಲಿ ಆರಂಭವಾಗಿದ್ದ ಸೇವೆ, ಸರ್ಕಾರ ಬದಲಾದ ಮೇಲೆ 2025ರಲ್ಲಿ ನಿಂತುಹೋಯಿತು.

ಪರೀಕ್ಷೆಯ ಪರವಾಗಿರುವವರ ಉತ್ತರ ಇಷ್ಟೇ: ಯಂತ್ರಕ್ಕಿಂತ ಮಾತುಕತೆ ಮುಖ್ಯ. ಮಾದಕವಸ್ತುವನ್ನು ಈಗಾಗಲೇ ಜೇಬಿನಲ್ಲಿಟ್ಟುಕೊಂಡು ಬಂದಿರುವ ಯುವಕ ಆರೋಗ್ಯ ಕಾರ್ಯಕರ್ತರ ಎದುರು ಕುಳಿತು, ಅಂಜಿಕೆಯಿಲ್ಲದೆ ಪ್ರಶ್ನೆ ಕೇಳುವ ಅವಕಾಶ ಬೇರೆಲ್ಲಿಯೂ ಇರುವುದಿಲ್ಲ. ಮೈ ಬಿಸಿಯಾದರೆ ವೈದ್ಯಕೀಯ ಡೇರೆ ಎಲ್ಲಿದೆ ಎಂಬುದು ಅವನಿಗೆ ತಿಳಿಯುವುದೂ ಅಲ್ಲಿಯೇ.

ನಮ್ಮಲ್ಲಿನ ಸ್ಥಿತಿ

ಇದು ದೂರದ ದೇಶದ ಕತೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ನೆರೆಯ ಗೋವಾದ ವಾಗತೋರ್‌ನಲ್ಲಿ 2019ರ ಡಿಸೆಂಬರ್‌ನಲ್ಲಿ ನಡೆದ ಸಂಗೀತೋತ್ಸವದ ದಿನಗಳಲ್ಲಿ ಮೂವರು ಪ್ರವಾಸಿಗರು ಮೃತಪಟ್ಟಾಗ ಮಾದಕವಸ್ತುವಿನ ಶಂಕೆ ವ್ಯಕ್ತವಾಗಿತ್ತು. ವರ್ಷಾಂತ್ಯದಲ್ಲಿ ಗೋವಾದ ಹಾದಿ ಹಿಡಿಯುವವರಲ್ಲಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ಯುವಕ ಯುವತಿಯರು ಕಡಿಮೆಯೇನಲ್ಲ.

ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಮಾದಕವಸ್ತುವನ್ನು ಹೊಂದಿರುವುದೂ ಸೇವಿಸುವುದೂ ಅಪರಾಧ. ಎಂಡಿಎಂಎ ವಿಷಯದಲ್ಲಿ ಅರ್ಧ ಗ್ರಾಂವರೆಗೆ ಅಲ್ಪ ಪ್ರಮಾಣ, 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ ಜಾಮೀನು ಸಿಗುವುದೇ ಕಷ್ಟ. ಗೆಳೆಯರಿಗಾಗಿ ತಂದುಕೊಟ್ಟವನೂ ಪೂರೈಕೆದಾರನೆನಿಸಬಹುದು. ಮಾತ್ರೆ ಪರೀಕ್ಷಾ ಡೇರೆಗಳಿಗೆ ಈ ಕಾಯ್ದೆ ಅವಕಾಶ ಕಲ್ಪಿಸಿಲ್ಲ. ಆದರೆ ಇದೇ ಕಾಯ್ದೆಯ 64ಎ ಕಲಂ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಅಂದು ಮೊದಲ ಬಾರಿಗೆ ಮಾತ್ರೆ ನುಂಗಿದವನಿಗಾಗಲೀ, ಅವನನ್ನು ಆಸ್ಪತ್ರೆಗೆ ಹೊತ್ತು ತಂದ ಗೆಳೆಯನಿಗಾಗಲೀ ಅಂತಹ ಸ್ಪಷ್ಟ ಅಭಯ ಅದರಲ್ಲಿಲ್ಲ. ಭಯ ಬೇರುಬಿಟ್ಟಿರುವುದು ಈ ಕೊರತೆಯಲ್ಲಿಯೇ.

ಆಸ್ಪತ್ರೆಗಳ ಕರ್ತವ್ಯದ ಬಗ್ಗೆ ಮಾತ್ರ ಗೊಂದಲಕ್ಕೆ ಎಡೆಯಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿಯೇ ನೀಡಿದ ತೀರ್ಪಿನಂತೆ, ಪ್ರಾಣ ಉಳಿಸುವುದು ವೈದ್ಯರ ಮೊದಲ ಕರ್ತವ್ಯ. ಕಾನೂನಿನ ವಿಧಿವಿಧಾನಗಳು ಅದಕ್ಕೆ ಅಡ್ಡಿಯಾಗಬಾರದು. ಪೊಲೀಸರಿಗೆ ಮಾಹಿತಿ ಹೋಗಬಹುದು, ಪ್ರಕರಣ ದಾಖಲಾಗಬಹುದು. ಆದರೆ ಪ್ರಕರಣವನ್ನು ಎದುರಿಸಲು ವಕೀಲರಿದ್ದಾರೆ, ನ್ಯಾಯಾಲಯವಿದೆ. ಹೋದ ಜೀವಕ್ಕೆ ಮೇಲ್ಮನವಿಯಿಲ್ಲ.

ಮಾದಕವಸ್ತುವಿನಿಂದ ದೂರವಿರಬೇಕು ಎಂಬ ಮಾತನ್ನು ಪ್ರತಿ ತಂದೆತಾಯಿಯೂ ಮಕ್ಕಳಿಗೆ ಹೇಳುತ್ತಾರೆ, ಹೇಳಲೇಬೇಕು. ಅದರ ಜತೆಗೆ ಇನ್ನೊಂದು ಮಾತನ್ನೂ ಸೇರಿಸುವ ಅಗತ್ಯವಿದೆ: ‘ಏನೇ ತಪ್ಪು ನಡೆದಿದ್ದರೂ ಮೊದಲು ಆಸ್ಪತ್ರೆಗೆ ಹೋಗು, ನಮಗೆ ಫೋನ್ ಮಾಡು, ಬೈಗುಳ ಆಮೇಲೆ.’ ಆ ಒಂದು ಭರವಸೆ ಮೊದಲೇ ಸಿಕ್ಕಿದ್ದರೆ, ಗೆಳೆಯರು ಲೆಕ್ಕ ಹಾಕುತ್ತ ಕಳೆಯುವ ಸಮಯ ಆಂಬ್ಯುಲೆನ್ಸ್ ಬರುವ ಸಮಯವಾಗುತ್ತದೆ.

(ತುರ್ತು ಆಂಬ್ಯುಲೆನ್ಸ್ ಸೇವೆಗೆ 108 ಅಥವಾ 112. ವ್ಯಸನಮುಕ್ತಿಗೆ ಸಂಬಂಧಿಸಿದ ಸಲಹೆಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿಯೂ ಚಿಕಿತ್ಸೆ ಲಭ್ಯವಿದೆ.)